ಮೊದಲ ಪೆಟ್ಟಿನ ಹೊತ್ತು

ಎಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಂ.

ಈ ಮಳೆಗೂ ಇಷ್ಟು ಜನ ಬಂದಿದ್ದೀರಿ. ಪೆರ್ಲದ ಆಚೆಯಿಂದ ಬಂದವರಿಗೆ ಕೊನೆಯ ಬಸ್ಸಿನ ಚಿಂತೆ ಇರುತ್ತದೆ ಎಂದು ನನಗೆ ಗೊತ್ತುಂಟು, ಹೆಚ್ಚು ಎಳೆಯುವುದಿಲ್ಲ. ನೋಟೀಸಿನಲ್ಲಿ ‘ಇಸ್ಲಾಮಿನಲ್ಲಿ ಸಹನೆ ಮತ್ತು ದೇವರ ಮೇಲಿನ ಭರವಸೆ’ ಎಂದು ಹಾಕಿದ್ದಾರೆ. ನಾನು ಧರ್ಮ ಕಲಿಸುವ ಉಸ್ತಾದನಲ್ಲ. ಈ ಕಾಸರಗೋಡು ಗಡಿನಾಡಿನ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಸಹನೆಯ ಬಗ್ಗೆ ಮಾತಾಡು ಎಂದಾಗ ಮೊದಲು ಬೇಡವೆಂದೆ. ಅದಕ್ಕೆ ಕಾರಣವನ್ನೇ ಮೊದಲು ಹೇಳಿಬಿಡುತ್ತೇನೆ.

ಎಣ್ಮಕಜೆ ಕಡೆ ಒಂದು ಮನೆ. ನಾನು ಆಗಿನ್ನೂ ಹೊಸ ಮಾಷ್ಟ್ರು, ಶಾಲೆಗೆ ಮಕ್ಕಳನ್ನು ಸೇರಿಸಿ ಎಂದು ಮನೆಮನೆ ಹತ್ತುತ್ತಿದ್ದ ಕಾಲ. ಗುಡ್ಡೆಯ ಮೇಲೆ ಗೇರುತೋಟ, ಕೆಳಗೆ ಈ ಮನೆ, ಹಿತ್ತಿಲಿನ ಸುರಂಗದಿಂದ ಬರುವ ನೀರು. ಒಳಗೆ ಚಾಪೆಯ ಮೇಲೆ ಒಬ್ಬ ಹುಡುಗ. ಪ್ರಾಯ ಎಂಟು ಎಂದರು, ನೋಡಲಿಕ್ಕೆ ಮೂರರ ಹಾಗೆ. ತಲೆ ದೊಡ್ಡದು, ಕೈಕಾಲು ಕಡ್ಡಿ. ನನಗೆ ಏನು ಹೇಳಬೇಕೋ ತೋಚಲಿಲ್ಲ. ತೋಚದಾಗ ಬಾಯಿಗೆ ಬರುವುದು ಉಪದೇಶ ತಾನೇ? “ಸಹನೆ ಬೇಕು ಅಕ್ಕ, ದೇವರು ನೋಡಿಕೊಳ್ಳುತ್ತಾನೆ” ಎಂದೆ. ಆ ತಾಯಿಗೆ ಸಿಟ್ಟು ಬರಲಿಲ್ಲ. ಸೆರಗಿನಿಂದ ಹುಡುಗನ ಬಾಯಿ ಒರೆಸುತ್ತಾ, “ದೇವರು ನೋಡಿಕೊಳ್ಳುತ್ತಾನೆ, ಹೌದು ಮಾಷ್ಟ್ರೇ. ರಾತ್ರಿ ಇವನನ್ನು ಮಗ್ಗುಲು ತಿರುಗಿಸಲಿಕ್ಕೆ ಯಾರು ಬರುತ್ತಾರೆ?” ಎಂದರು.

ಮೆಟ್ಟಿಲಿಳಿದು ಬಂದೆ. ಉತ್ತರ ಇರಲಿಲ್ಲ.

ಬಹಳ ವರ್ಷದ ಮೇಲೆ ಒಂದು ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಓದುವಾಗ ಆ ಮೆಟ್ಟಿಲು ನೆನಪಾಯಿತು. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಇರುವಂಥದ್ದು. ಪ್ರವಾದಿ ಮುಹಮ್ಮದರು (ಸ) ಹೋಗುವ ದಾರಿಯಲ್ಲಿ ಒಬ್ಬ ಹೆಂಗಸು ಗೋರಿಯ ಹತ್ತಿರ ಕೂತು ಅಳುತ್ತಿದ್ದಳು. “ಅಲ್ಲಾಹನನ್ನು ಭಯಪಡು, ಸಬ್ರ್ ವಹಿಸು” ಎಂದರು. ಸಬ್ರ್ ಎಂದರೆ ಸಹನೆ. ಅವಳಿಗೆ ಇವರು ಯಾರೆಂದು ಗುರುತಾಗಲಿಲ್ಲ. “ಆಚೆ ಹೋಗು, ನನಗೆ ಬಂದದ್ದು ನಿನಗೆ ಬಂದಿಲ್ಲ” ಎಂದುಬಿಟ್ಟಳು. ಅವರು ಸುಮ್ಮನೆ ಹೊರಟು ಹೋದರು. ಆಮೇಲೆ ಯಾರೋ ಅವಳಿಗೆ, ‘ಅವರು ಪ್ರವಾದಿ’ ಎಂದರು. ಓಡಿ ಬಂದಳು. ಬಾಗಿಲಲ್ಲಿ ಕಾವಲಿನವರು ಯಾರೂ ಇಲ್ಲ. ಗುರುತಾಗಲಿಲ್ಲ ಎಂದಳು. ಅದಕ್ಕೆ ಅವರು ಹೇಳಿದ್ದು ಇಷ್ಟೇ: ಸಬ್ರ್ ಇರುವುದು ಮೊದಲ ಪೆಟ್ಟಿನ ಹೊತ್ತಿನಲ್ಲಿ.

ಈ ಕೊನೆಯ ಮಾತನ್ನು ನಾವು ಎಲ್ಲ ಕಡೆ ಹೇಳುತ್ತೇವೆ. ನನಗೆ ಮುಖ್ಯ ಅನಿಸುವುದು ನಡುವಿನ ಸಂಗತಿ. ಒಬ್ಬಳು ಹೆಂಗಸು ‘ಆಚೆ ಹೋಗು’ ಎಂದಾಗ ಅವರು ವಾದಕ್ಕೆ ನಿಲ್ಲಲಿಲ್ಲ, ‘ನಾನು ಯಾರು ಗೊತ್ತಾ’ ಎಂದು ಕೇಳಲಿಲ್ಲ. ಆಗ ಅಲ್ಲಿ ಸಬ್ರ್ ಮಾಡಿದ್ದು ಯಾರು ಮಾರಾಯ್ರೆ?

ಶಬ್ದದ ವಿಷಯ ಸ್ವಲ್ಪ. ಕನ್ನಡ ಮಾಷ್ಟ್ರಿಗೆ ಶಬ್ದ ಸಿಕ್ಕಿದರೆ ಬಿಡಲಿಕ್ಕೆ ಮನಸ್ಸಾಗುವುದಿಲ್ಲ. ಸಬ್ರ್ ಎಂಬ ಅರಬಿ ಧಾತುವಿಗೆ ತಡೆದು ಹಿಡಿಯುವುದು, ಕಟ್ಟಿ ನಿಲ್ಲಿಸುವುದು ಎಂದು ಅರ್ಥ. ಕುರ್‌ಆನಿನ 18ನೇ ಅಧ್ಯಾಯದಲ್ಲಿ, ಬೆಳಗ್ಗೆ ಸಂಜೆ ದೇವರನ್ನು ಕರೆಯುವ ಜನರ ಜೊತೆ ನಿನ್ನನ್ನು ನೀನು ‘ಸಬ್ರ್’ ಮಾಡಿಕೋ ಎಂದು ಬರುತ್ತದೆ. ಅಲ್ಲಿ ಕಷ್ಟದ ಸುದ್ದಿಯೇ ಇಲ್ಲ, ಅವರ ಜೊತೆ ನಿಂತುಕೋ, ಕಾಲು ಕೀಳಬೇಡ ಎಂದು ಮಾತ್ರ. ನಮ್ಮ ‘ತಾಳು’ ಶಬ್ದವೂ ಹಾಗೆಯೇ ಅಲ್ಲವೇ? ಭಾರ ತಾಳುತ್ತದೆ ಎಂದು ಮರದ ಜಂತಿಗೆ ಹೇಳುತ್ತೇವೆ. ಜಂತಿ ಸುಮ್ಮನೆ ಇದ್ದ ಹಾಗೆ ಕಾಣುತ್ತದೆ, ಆದರೆ ಮಾಡು ಪೂರ್ತಿ ಅದರ ಮೇಲೆ ಉಂಟು.

ಈಗ ಯಾಕೂಬ್ ನಬಿಯ, ಅಂದರೆ ಪ್ರವಾದಿ ಯಾಕೂಬರ, ಕಥೆಗೆ ಬರುತ್ತೇನೆ. ಯೂಸುಫ್ ಅಧ್ಯಾಯ, ಕುರ್‌ಆನಿನಲ್ಲಿ 12ನೆಯದು. ಮಕ್ಕಳು ತಮ್ಮನನ್ನು ಬಾವಿಗೆ ಹಾಕಿ, ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದು, ತೋಳ ತಿಂದಿತು ಎಂದಾಗ ಆ ತಂದೆ ಹೇಳಿದ್ದು ‘ಸಬ್ರುನ್ ಜಮೀಲ್’. ಸುಂದರವಾದ ಸಹನೆ. ಈ ಎರಡು ಶಬ್ದ ಮಾತ್ರ ಕೇಳಿ ಎದ್ದು ಹೋದವರು, ಯಾಕೂಬರು ಕಲ್ಲಿನ ಹಾಗೆ ಕೂತಿದ್ದರು ಎಂದು ತಿಳಿಯುತ್ತಾರೆ. ಅದೇ ಅಧ್ಯಾಯದಲ್ಲಿ ಮುಂದೆ ಹೋಗಿ. ‘ಅಯ್ಯೋ ಯೂಸುಫ್’ ಎನ್ನುತ್ತಾರೆ. ದುಃಖದಿಂದ ಕಣ್ಣು ಬೆಳ್ಳಗಾಗಿ ಹೋಗುತ್ತದೆ. ಮನೆಯವರಿಗೇ ಸಾಕಾಗುತ್ತದೆ, ಯೂಸುಫನನ್ನು ನೆನೆದು ನೆನೆದು ನೀವು ಸಾಯುವವರೆಗೂ ಬಿಡುವುದಿಲ್ಲವಾ ಎನ್ನುತ್ತಾರೆ. ವರ್ಷಗಟ್ಟಲೆ ಅತ್ತು ಕಣ್ಣು ಕಳಕೊಂಡ ಮನುಷ್ಯ, ಅವರ ಸಹನೆಗೆ ‘ಸುಂದರ’ ಎಂಬ ವಿಶೇಷಣ!

ಅವರ ಉತ್ತರ ನೋಡಿ. ನನ್ನ ಸಂಕಟವನ್ನೂ ದುಃಖವನ್ನೂ ನಾನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುತ್ತಿದ್ದೇನೆ ಎನ್ನುತ್ತಾರೆ. ದೂರು ಇಲ್ಲ ಎಂದಲ್ಲ, ದೂರು ಹೋಗುವ ವಿಳಾಸ ಬೇರೆ. ಅಯ್ಯೂಬ್ ನಬಿಯದ್ದೂ ಇದೇ ದಾರಿ. ‘ನನ್ನನ್ನು ಸಂಕಟ ಮುಟ್ಟಿದೆ, ನೀನು ಕರುಣಾಳುಗಳಲ್ಲೆಲ್ಲ ಮಹಾ ಕರುಣಾಳು’ ಎಂದು ಅವರು ಕೂಗಿಕೊಂಡದ್ದನ್ನೂ, ‘ನಾವು ಅವನನ್ನು ಸಹನಶೀಲನಾಗಿ ಕಂಡೆವು’ ಎಂಬ ಮೆಚ್ಚುಗೆಯನ್ನೂ ಅದೇ ಕುರ್‌ಆನ್ ಹೇಳುತ್ತದೆ.

ಯಾಕೂಬರ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮರುವಾಕ್ಯದಲ್ಲೇ, ಮಕ್ಕಳೇ ಹೋಗಿ, ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ, ದೇವರ ಕರುಣೆಯಲ್ಲಿ ನಿರಾಶರಾಗಬೇಡಿ ಎನ್ನುತ್ತಾರೆ. ಕಣ್ಣು ಕಾಣದ ಮುದುಕ, ಮೋಸ ಮಾಡಿದ ಅದೇ ಮಕ್ಕಳನ್ನು ಹುಡುಕಲಿಕ್ಕೆ ಕಳಿಸುತ್ತಾನೆ. ನನ್ನ ಲೆಕ್ಕದಲ್ಲಿ ಆ ‘ಹೋಗಿ, ಹುಡುಕಿ’ ಎಂಬುದೇ ಸಬ್ರಿನ ನಡುಗಂಬ.

ಅಳುವ ವಿಷಯ ಬಂತು, ನಮ್ಮ ಮನೆಯದ್ದು ಒಂದು ಹೇಳುತ್ತೇನೆ. ನನ್ನ ಸೋದರಮಾವ ಗಲ್ಫಿನಲ್ಲಿ ತೀರಿಕೊಂಡರು. ಸುದ್ದಿ ಬರುವಾಗ ಅಲ್ಲಿ ದಫನ ಆಗಿ ಎರಡು ದಿನ. ಮಯ್ಯತ್ತು ಕಾಣಲಿಕ್ಕಿಲ್ಲ, ಮುಖ ನೋಡಲಿಕ್ಕಿಲ್ಲ. ಉಮ್ಮ ಅಡಿಗೆಕೋಣೆಯ ಹೊಸ್ತಿಲಲ್ಲಿ ಕೂತು ಅಳುತ್ತಿದ್ದರು. ನೆಂಟರಲ್ಲಿ ಒಬ್ಬರು, ಅಳಬಾರದು, ಸಬ್ರ್ ಮಾಡು, ಇಲ್ಲದಿದ್ದರೆ ದೇವರ ಪ್ರತಿಫಲ ಸಿಗುವುದಿಲ್ಲ ಎಂದು ಶುರು ಮಾಡಿದರು. ಜಗಲಿಯಲ್ಲಿ ಕೂತಿದ್ದ ಮುಸ್ಲಿಯಾರರು ಒಳಗೆ ಕೇಳುವ ಹಾಗೆ ಹೇಳಿದರು: “ಅಳಲಿ, ಬಿಡಿ. ನಬಿಯವರೂ ಅತ್ತಿದ್ದಾರೆ.”

ಹೌದು, ಅತ್ತಿದ್ದಾರೆ. ಎಳೆಯ ಮಗ ಇಬ್ರಾಹೀಮ್ ಕೊನೆಯುಸಿರು ಎಳೆಯುವಾಗ ಅವರ ಕಣ್ಣಲ್ಲಿ ನೀರು ಕಂಡು, ‘ನೀವೂ?’ ಎಂದು ಸಂಗಡಿಗ ಅಬ್ದುರ್ರಹ್ಮಾನ್ ಇಬ್ನು ಔಫ್ ಕೇಳಿದರು. ‘ಇದು ಕರುಣೆ’ ಎಂದರು. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ನಮ್ಮ ಪ್ರಭುವಿಗೆ ಮೆಚ್ಚುಗೆಯಾಗುವುದನ್ನಲ್ಲದೆ ಬೇರೇನೂ ಆಡುವುದಿಲ್ಲ ಎಂದರು. ಆ ದಿನವೇ ಸೂರ್ಯಗ್ರಹಣ ಆಯಿತು. ಜನ, ಪ್ರವಾದಿಯ ಮಗ ಸತ್ತದ್ದಕ್ಕೇ ಗ್ರಹಣ ಹಿಡಿಯಿತು ಎಂದರು. ಬೇರೆ ಯಾರೇ ಆಗಿದ್ದರೂ ಆ ದುಃಖದಲ್ಲಿ ಸುಮ್ಮನಿರುತ್ತಿದ್ದರು. ಅವರು ಎದ್ದು ನಿಂತು, ಸೂರ್ಯ ಚಂದ್ರರಿಗೆ ಯಾರ ಸಾವಿಗೂ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ಮಗನನ್ನು ಮಣ್ಣು ಮಾಡಿದ ದಿನ!

ನಮ್ಮ ಮನೆಯಲ್ಲಿ ಆ ದಿನ ಒಲೆ ಹಚ್ಚಿರಲಿಲ್ಲ. ಸಂಜೆ ಹೊತ್ತಿಗೆ ತೋಟದಾಚೆಯ ಮನೆಯ ಅಕ್ಕ ಬಂದರು, ಅಲ್ಯೂಮಿನಿಯಂ ಪಾತ್ರೆಯ ತುಂಬ ಗಂಜಿ, ಬಾಳೆಎಲೆಯಲ್ಲಿ ಹುರುಳಿ ಚಟ್ನಿ. ಅವರು ಒಂದು ಮಾತೂ ಆಡಲಿಲ್ಲ. ಉಮ್ಮನ ಎದುರು ಕೂತರು, ಬಟ್ಟಲಿಗೆ ಬಡಿಸಿದರು, ಅರ್ಧ ಬಟ್ಟಲು ಇಳಿಯುವವರೆಗೆ ಅಲ್ಲೇ ಕೂತರು, ಪಾತ್ರೆ ಬಿಟ್ಟು ಹೋದರು. ಅವರಿಗೆ ಹದೀಸ್ ಗೊತ್ತಿರಲಿಲ್ಲ. ಮುಅ್ತಾ ಯುದ್ಧದಲ್ಲಿ, ಅಂದರೆ 629ರಲ್ಲಿ, ಪ್ರವಾದಿಯವರ ಬಂಧು ಜಅ್‌ಫರ್ ತೀರಿಕೊಂಡ ಸುದ್ದಿ ಬಂದಾಗ ಪ್ರವಾದಿಯವರು ಹೇಳಿದ್ದು, ‘ಜಅ್‌ಫರರ ಮನೆಯವರಿಗೆ ಊಟ ಮಾಡಿ ಕೊಡಿ, ಅವರಿಗೆ ಪುರುಸೊತ್ತಿಲ್ಲದಂಥದ್ದು ಬಂದಿದೆ’ ಎಂದು. ಎಣ್ಮಕಜೆಯ ಆ ಮನೆಗೆ ನಾನು ಬರಿಗೈಯಲ್ಲಿ ಸಬ್ರ್ ತೆಗೆದುಕೊಂಡು ಹೋಗಿದ್ದೆ.

ಇನ್ನು ತವಕ್ಕುಲ್, ದೇವರ ಮೇಲಿನ ಭರವಸೆ. ಒಂಟೆಯನ್ನು ಕಟ್ಟಿ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ ಎಂದು ಒಬ್ಬ ಪ್ರವಾದಿಯವರನ್ನು ಕೇಳಿದ, ‘ಕಟ್ಟು, ಆಮೇಲೆ ಭರವಸೆ ಇಡು’ ಎಂಬ ಉತ್ತರ ಬಂತು. ತಿರ್ಮಿದಿಯಲ್ಲಿ ಉಂಟು, ಎಲ್ಲರಿಗೂ ಗೊತ್ತು. ನಮ್ಮ ಊರಿನಲ್ಲಿ ಒಂಟೆ ಇಲ್ಲ, ಅಡಿಕೆ ಉಂಟು. ಕುರ್‌ಆನ್ ಎರಡನೇ ಅಧ್ಯಾಯದಲ್ಲಿ ಪರೀಕ್ಷೆಯ ಪಟ್ಟಿ ಕೊಡುವಾಗ ಭಯ, ಹಸಿವು, ಸೊತ್ತು, ಜೀವ ಎಂದು ಹೇಳಿ ಕೊನೆಗೆ ‘ಫಲಗಳ ನಷ್ಟ’ ಎನ್ನುತ್ತದೆ. ಕೊಳೆರೋಗ ಬಂದ ತೋಟದಲ್ಲಿ ಬೆಳಗ್ಗೆ ಎದ್ದು ಉದುರಿದ ಹಸಿ ಅಡಿಕೆಯ ಮೇಲೆ ಕಾಲಿಟ್ಟವರಿಗೆ ಆ ಕೊನೆಯ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗೆ ಮುಂಚೆ ಮದ್ದು ಬಿಡುವ ದಿನ ನನ್ನ ಉಪ್ಪ ಹೇಗಿದ್ದರು ಎಂದು ಹೇಳುತ್ತೇನೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಸೇರಿಸಿ ಆದ ಮೇಲೆ ಉಪ್ಪ ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದರು. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಬಿಟ್ಟರೆ ಗೊನೆಯೇ ಸುಟ್ಟುಹೋದೀತು. ಇನ್ನಷ್ಟು ಸುಣ್ಣದ ತಿಳಿ, ಪುನಃ ಕತ್ತಿ. ಕೆಂಪು ಹಿಡಿಯುವುದು ನಿಂತ ಮೇಲೆಯೇ ಬಿಸ್ಮಿಲ್ಲಾ ಎಂದು ಪಂಪು ಒತ್ತುವುದು. ಅವರ ಬಾಯಿಯಲ್ಲಿ ತವಕ್ಕುಲ್ ಎಂಬ ಶಬ್ದವನ್ನೇ ನಾನು ಕೇಳಿಲ್ಲ. ಮದ್ದು ಬಿಟ್ಟೂ ಕೊಳೆ ಬಂದ ವರ್ಷಗಳು ಇದ್ದವು. ಆಗ ಬಿದ್ದ ಅಡಿಕೆ ಹೆಕ್ಕುತ್ತಾ ‘ಇನ್ನಾ ಲಿಲ್ಲಾಹಿ’, ನಾವು ಅಲ್ಲಾಹನವರೇ, ಎನ್ನುತ್ತಿದ್ದರು, ಮರುವರ್ಷ ಪುನಃ ಕತ್ತಿ ಅದ್ದುತ್ತಿದ್ದರು.

2020ರ ಮಾರ್ಚಿನಲ್ಲಿ, ಕೊರೋನಾ ಕಾಲಕ್ಕೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿತು, ನೆನಪುಂಟಲ್ಲ? ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುವವರು ದಾರಿಯಲ್ಲಿ ನಿಂತರು. ಪಳ್ಳಿಗಳಲ್ಲಿ ಜಮಾಅತ್, ಅಂದರೆ ಒಟ್ಟಾಗಿ ಮಾಡುವ ನಮಾಜು, ನಿಂತುಹೋಯಿತು. ಆಗ ಕೆಲವರು, ಅಲ್ಲಾಹನ ಮೇಲೆ ಭರವಸೆ ಇದ್ದರೆ ರೋಗಕ್ಕೆ ಯಾಕೆ ಹೆದರಬೇಕು ಎಂದು ಕೇಳಿದರು. ಇದೇ ಪ್ರಶ್ನೆ ಖಲೀಫಾ ಉಮರರಿಗೂ ಬಂದಿತ್ತು. ಸಿರಿಯಾದ ದಾರಿಯಲ್ಲಿ ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಇದೆ ಎಂದು ಗೊತ್ತಾಯಿತು, ಹಿಂದೆ ತಿರುಗಲು ತೀರ್ಮಾನಿಸಿದರು. ‘ಅಲ್ಲಾಹನ ವಿಧಿಯಿಂದ ಓಡುತ್ತೀರಾ?’ ಎಂದು ಸಿರಿಯಾದ ಸೇನಾನಿ ಅಬೂ ಉಬೈದಾ ಕೇಳಿದರು. ‘ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಗೇ’ ಎಂದರು ಉಮರ್. ಒಂದು ಕಣಿವೆ, ಒಂದು ಬದಿ ಹಸುರು, ಇನ್ನೊಂದು ಬದಿ ಬೋಳು. ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ದೇವರ ವಿಧಿಯೇ ಅಲ್ಲವೇ ಎಂದು ಕೇಳಿದರು. ಅಬೂ ಉಬೈದಾ ಮಾತ್ರ ತಮ್ಮ ಜನರ ಜೊತೆಗೇ ಉಳಿದು ಅದೇ ರೋಗದಲ್ಲಿ ತೀರಿಕೊಂಡರು. ಇಬ್ಬರಲ್ಲಿ ಯಾರ ಭರವಸೆ ದೊಡ್ಡದು ಎಂದು ಅಳೆಯಲಿಕ್ಕೆ ನನ್ನ ಹತ್ತಿರ ತಕ್ಕಡಿ ಇಲ್ಲ.

ಇನ್ನೊಂದು ಮಾತು ಹೇಳದೆ ಇಳಿದರೆ ಈ ಊರಿಗೆ ದ್ರೋಹ ಆಗುತ್ತದೆ. ಇಲ್ಲಿಯ ಗೇರುಗುಡ್ಡೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2000ದ ಹೊತ್ತಿಗೆ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಇವುಗಳ ನಡುವೆ ತಾಯಂದಿರು ಮಕ್ಕಳನ್ನು ಹೊತ್ತುಕೊಂಡು ತಿರುವನಂತಪುರದವರೆಗೆ ಹೋಗಿ ಕೂತರು. ಅವರಿಗೆ ‘ಎಲ್ಲ ದೇವರ ಇಚ್ಛೆ, ಸಹಿಸಿಕೊಳ್ಳಿ’ ಎಂದವರು ನಮ್ಮಲ್ಲೂ ಇದ್ದರು, ಬೇರೆಯವರಲ್ಲೂ ಇದ್ದರು. ಕುರ್‌ಆನ್ ನಾಲ್ಕನೇ ಅಧ್ಯಾಯದಲ್ಲಿ, ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ, ಅನ್ಯಾಯಕ್ಕೆ ಒಳಗಾದವನ ಹೊರತು ಎಂದು ಬರುತ್ತದೆ. ಸಂಗಡಿಗ ಮುಆದ್ ಅವರನ್ನು ಯಮನ್ ದೇಶಕ್ಕೆ ಕಳಿಸುವಾಗ ಪ್ರವಾದಿಯವರು ಕೊಟ್ಟ ಎಚ್ಚರಿಕೆಯೂ ಇದೇ: ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆ ಇಲ್ಲ. ಕೊಳೆರೋಗ ಮಳೆಯಿಂದ ಬಂದದ್ದು, ಅದಕ್ಕೆ ತಾಳ್ಮೆ ಸರಿ. ಹೆಲಿಕಾಪ್ಟರಿನಿಂದ ಬಂದದ್ದಕ್ಕೆ ಲೆಕ್ಕ ಕೇಳುವವರ ಕಾಲು ನೋಯದೆ ಇರಲಿ ಎಂದು ದುಆ ಮಾಡಬಹುದು, ಕಾಲು ಎಳೆಯಬಾರದು.

ಬಸ್ಸಿನ ಹೊತ್ತಾಯಿತು, ಮುಗಿಸುತ್ತೇನೆ.

ಎಣ್ಮಕಜೆಯ ಆ ಅಕ್ಕನನ್ನು ನಾನು ಪುನಃ ಕಂಡದ್ದು ಬಹಳ ವರ್ಷದ ಮೇಲೆ, ಸಂತ್ರಸ್ತರಿಗಾಗಿ ನಡೆದ ಒಂದು ವೈದ್ಯಕೀಯ ಶಿಬಿರದಲ್ಲಿ. ಕೂದಲು ನೆರೆತಿತ್ತು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹದಿನೈದು ವರ್ಷದ ಚೀಟಿಗಳು. ಹುಡುಗ ಆಗ ಇರಲಿಲ್ಲ. ಮಗಳದ್ದೂ ಒಂದು ಕೇಸು ಇತ್ತು. ಅರ್ಜಿ ಪೂರ್ತಿ ಮಲಯಾಳದಲ್ಲಿ, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಯಾರನ್ನು ಕೇಳುವುದೆಂದು ಅತ್ತಿತ್ತ ನೋಡುವಾಗ ನಾನು ಸಿಕ್ಕಿದೆ. ನಾನು ಗುರುತು ಹೇಳುವ ಮೊದಲೇ ಅವರಿಗೆ ಗುರುತಾಯಿತು. ಚೀಲದಿಂದ ಅರ್ಜಿ ತೆಗೆದು, ಪೆನ್ನು ನನ್ನ ಕೈಗೆ ಕೊಟ್ಟು, ಮುಂದಿದ್ದ ಸಾಲನ್ನು ಕಣ್ಣಲ್ಲೇ ತೋರಿಸಿದರು.

“ಎಂಬತ್ತಮೂರನೇ ಟೋಕನ್ ಮಾಷ್ಟ್ರೇ. ಇವತ್ತು ನಿಮ್ಮ ಸಹನೆ ನೋಡುವ.”