ನೋವಿಲ್ಲದಿದ್ದರೂ ಸ್ಕ್ಯಾನಿಂಗ್ ಯಾಕೆ?

ಕೇಳುಗರಿಗೆ ನಮಸ್ಕಾರ.

ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯವರು ಔಷಧಿ ಶುರುವಾದ ಕೆಲವು ತಿಂಗಳಿಗೆ ಕೇಳುತ್ತಾರೆ: "ಭೇದಿ ನಿಂತಿದೆ, ನೋವಿಲ್ಲ. ಮತ್ತೆ ಸ್ಕ್ಯಾನಿಂಗ್ ಯಾಕೆ ಡಾಕ್ಟ್ರೇ?" ಖರ್ಚಿನ ಭಾರ ಹೊತ್ತವರು ಕೇಳಲೇಬೇಕಾದ ಪ್ರಶ್ನೆ ಅದು.

1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರ್ರಿಲ್ ಕ್ರೋನ್ ಮತ್ತವರ ಇಬ್ಬರು ಸಹೋದ್ಯೋಗಿಗಳು ವಿವರಿಸಿದ ಕಾಯಿಲೆ ಇದು. ಇದರ ಉರಿಯೂತ ಕರುಳಿನ ಒಳಪದರಕ್ಕೆ ನಿಲ್ಲದೆ ಗೋಡೆಯ ಆಚೆಯವರೆಗೂ ಇಳಿಯುತ್ತದೆ. ಮಲದ್ವಾರದಿಂದ ಕ್ಯಾಮೆರಾ ಹಾಯಿಸಿ ನೋಡುವ ಕೊಲೊನೊಸ್ಕೋಪಿಗೆ ಕಾಣುವುದು ಒಳಮೈ ಮಾತ್ರ, ಅದೂ ಸಣ್ಣ ಕರುಳಿನ ಕೊನೆಯ ತುಸು ಭಾಗದವರೆಗೆ. ಆಚೆ ಕಟ್ಟಿಕೊಂಡ ಕೀವು, ಒಂದು ಕರುಳಿನಿಂದ ಇನ್ನೊಂದಕ್ಕೋ ಮೂತ್ರಕೋಶಕ್ಕೋ ಕೊರೆದ ಕಳ್ಳದಾರಿ, ಮೇಲೆಲ್ಲೋ ಕಿರಿದಾಗುತ್ತಿರುವ ಕರುಳು ಅದಕ್ಕೆ ಸಿಗುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಂತೂ ಒಳಗೆ ಕೀವಿದ್ದರೂ ಜ್ವರ, ನೋವು ಅಡಗಿಬಿಡಬಹುದು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ಎಂಆರ್‌ಐ ಯಂತ್ರದಲ್ಲಿ ಸಣ್ಣ ಕರುಳಿನ ಚಿತ್ರ ತೆಗೆಯುವ ಎಂಆರ್ ಎಂಟೆರೋಗ್ರಫಿ ಎಂಬ ಪರೀಕ್ಷೆ ಇದೆ. ಮ್ಯಾನಿಟಾಲ್‌ನಂಥ ದ್ರವ ಬೆರೆಸಿದ ನೀರನ್ನು ಒಂದರಿಂದ ಒಂದೂವರೆ ಲೀಟರಿನಷ್ಟು ನಿಧಾನವಾಗಿ ಕುಡಿಸುತ್ತಾರೆ. ಮುದುಡಿದ ಕರುಳು ಅರಳಿ, ಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಕುಡಿಯುವುದು ಕಷ್ಟ, ಆಮೇಲೆ ಭೇದಿಯೂ ಆಗಬಹುದು. ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ವಿಕಿರಣವಿಲ್ಲದ ಕಾರಣ ಪದೇ ಪದೇ ಚಿತ್ರ ಬೇಕಾಗುವ ಎಳೆಯರಿಗೆ ಸಿ.ಟಿ.ಗಿಂತ ಇದೇ ಲೇಸು. ತುರ್ತಿನಲ್ಲಿ ಮಾತ್ರ ಸಿ.ಟಿ.ಯೇ ಬೇಗ. ಪಳಗಿದ ಕೈಯಿದ್ದರೆ ಸಾಧಾರಣ ಅಲ್ಟ್ರಾಸೌಂಡ್ ಕೂಡ ಬಹಳಷ್ಟು ಹೇಳುತ್ತದೆ: ಕರುಳಿನ ಗೋಡೆ 3 ಮಿಲಿಮೀಟರ್ ದಾಟಿ ದಪ್ಪವಾಗಿದ್ದರೆ ಅನುಮಾನಪಡಬೇಕು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು, ಕ್ಷಯ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವೇ ಎರಡು ಕಾಯಿಲೆಗಳಿಗೂ ಪ್ರಿಯ. ನಡುಭಾಗ ಕೊಳೆತ ದುಗ್ಧಗ್ರಂಥಿಗಳು ಚಿತ್ರದಲ್ಲಿ ಕಂಡರೆ ನಮ್ಮ ಅನುಮಾನ ಕ್ಷಯದ ಕಡೆ ವಾಲುತ್ತದೆ. ಅದನ್ನು ಗುರುತಿಸದೆ, ಕ್ರೋನ್ಸ್ ಎಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಕ್ಷಯ ಕೆರಳುತ್ತದೆ.

ಮಲದ್ವಾರದ ಬಳಿ ಕೀವು ಸುರಿದರೆ ಮೂಲವ್ಯಾಧಿಯೆಂದು ನಾಚಿಕೆಯಿಂದ ಮುಚ್ಚಿಡುವವರಿದ್ದಾರೆ. ದಯವಿಟ್ಟು ಬಾಯಿಬಿಟ್ಟು ಹೇಳಿ. ಅದು ಕ್ರೋನ್ಸ್‌ನ ಭಗಂದರ, ಅಂದರೆ ಮಲದ್ವಾರದ ಪಕ್ಕದ ಚರ್ಮಕ್ಕೆ ಕೊರೆದ ಕಳ್ಳದಾರಿಯಾಗಿದ್ದರೆ, ಎಷ್ಟು ಕವಲೊಡೆದಿದೆ ಎಂದು ಕತ್ತರಿ ಹಿಡಿಯುವ ಮೊದಲೇ ಆ ಭಾಗದ ಎಂಆರ್‌ಐ ತೋರಿಸುತ್ತದೆ.

ಹಳೆಯ ಸ್ಕ್ಯಾನಿಂಗಿನ ಫಿಲ್ಮು, ಸಿ.ಡಿ. ಎಸೆಯಬೇಡಿ, ಬರುವಾಗ ತನ್ನಿ. ಹೋದ ವರ್ಷ 4 ಮಿಲಿಮೀಟರ್ ಇದ್ದ ಗೋಡೆ ಈ ವರ್ಷ 7 ಆಗಿದೆ ಎಂದು ಗೊತ್ತಾಗುವುದು ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ.

ನಮಸ್ಕಾರ.