ಬಾಣ ಯಾವ ಕ್ಷಣದಲ್ಲಿ ಚಲಿಸುತ್ತದೆ?

ಸ್ನೇಹಿತರೇ, ನಮಸ್ಕಾರ.

ಇವತ್ತು ಜೀನೋ ಬಗ್ಗೆ ಮಾತಾಡೋಣ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ತತ್ವಜ್ಞಾನಿ. ಊರು ಎಲಿಯಾ, ದಕ್ಷಿಣ ಇಟಲಿಯ ಕರಾವಳಿಯಲ್ಲಿ ಗ್ರೀಕರು ಕಟ್ಟಿದ್ದ ಪಟ್ಟಣ. ಅವನ ಗುರು ಪಾರ್ಮೆನಿಡೀಸ್. ಇರುವುದು ಒಂದೇ, ಅದು ಬದಲಾಗುವುದಿಲ್ಲ, ಅಲುಗಾಡುವುದೂ ಇಲ್ಲ ಅನ್ನುವುದು ಗುರುವಿನ ಮಾತು. ಕೇಳಿದ ಕೆಲವರು ಗೇಲಿ ಮಾಡಿದರು. ಶಿಷ್ಯ ಅವರಿಗೆ ತಿರುಗೇಟು ಕೊಟ್ಟ: ಚಲನೆ ಇದೆ ಅಂತ ಒಪ್ಪಿದರೆ ಇನ್ನೂ ದೊಡ್ಡ ತೊಡಕಿಗೆ ಸಿಕ್ಕಿಬೀಳುತ್ತೀರಿ.

ಜೀನೋ ಬರೆದ ಪುಸ್ತಕ ಉಳಿದಿಲ್ಲ. ಚಲನೆ ಬಗ್ಗೆ ಅವನು ಹೂಡಿದ ನಾಲ್ಕು ವಾದಗಳು ನಮಗೆ ಸಿಕ್ಕಿರುವುದು ಮುಖ್ಯವಾಗಿ ಅರಿಸ್ಟಾಟಲ್‌ನಿಂದ. ಅರಿಸ್ಟಾಟಲ್ ಆ ವಾದಗಳನ್ನು ಬರೆದಿಟ್ಟಿದ್ದೇ ಅವು ತಪ್ಪು ಅಂತ ತೋರಿಸೋಕೆ!

ಅವುಗಳಲ್ಲಿ ಒಂದು, ಗ್ರೀಕ್ ಪುರಾಣದ ವೇಗದ ವೀರ ಅಕಿಲಿಸ್ ಮತ್ತು ಆಮೆಯ ಓಟ, ನಿಮಗೆ ಗೊತ್ತಿರಬಹುದು. ಅರಿಸ್ಟಾಟಲ್ ಬರಹದಲ್ಲಿ ಆಮೆ ಇಲ್ಲ, 'ಅತಿ ನಿಧಾನಿ' ಅಂತಷ್ಟೇ ಇದೆ. ಆಮೆ ಬಂದದ್ದು ಆಮೇಲಿನ ವ್ಯಾಖ್ಯಾನಕಾರರಿಂದ. ಅಕಿಲಿಸ್ ಸೆಕೆಂಡಿಗೆ 10 ಮೀಟರ್ ಓಡುತ್ತಾನೆ, ಆಮೆ 1 ಮೀಟರ್ ಅಂದುಕೊಳ್ಳಿ. ಆಮೆ 100 ಮೀಟರ್ ಮುಂದಿದೆ. ಅವನು ಆ 100 ಮೀಟರ್ ದಾಟುವಷ್ಟರಲ್ಲಿ ಅದು 10 ಮೀಟರ್ ಮುಂದೆ. ಆ 10 ದಾಟಿದರೆ ಅದು 1 ಮೀಟರ್ ಮುಂದೆ. ಹೀಗೇ ಹೋದರೆ ಕೊನೆ ಎಲ್ಲಿ?

ಗಣಿತದ ಲೆಕ್ಕ ಸುಲಭ. 100, 10, 1, 0.1 ಎಂದು ಕೂಡಿಸುತ್ತಾ ಹೋದರೆ ಮೊತ್ತ ಅನಂತ ಆಗುವುದಿಲ್ಲ. 111 ಮೀಟರ್ ದಾಟಿ, ಇನ್ನೂ ಮೀಟರಿನ ಒಂಬತ್ತನೇ ಒಂದು ಭಾಗ ಓಡಿದಾಗ ಅವನು ಆಮೆಯನ್ನು ಹಿಡಿಯುತ್ತಾನೆ. ಇಂಥ ಮೊತ್ತ ಅಂದರೆ ಏನು ಅನ್ನುವುದಕ್ಕೆ ಗಟ್ಟಿ ಅಡಿಪಾಯ ಸಿಕ್ಕಿದ್ದು ಮಾತ್ರ 19ನೇ ಶತಮಾನದಲ್ಲಿ, ಗಣಿತಜ್ಞರಾದ ಕೋಶಿ ಮತ್ತು ವೈಯರ್‌ಸ್ಟ್ರಾಸ್ ಅವರ ಕೆಲಸದಿಂದ. ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ!

ಹಿಡಿಯುವ ಜಾಗ ಎಲ್ಲಿ ಅಂತ ಲೆಕ್ಕ ಹೇಳಿತು, ಸರಿ. ಆದರೆ ಕೊನೆಯ ಹೆಜ್ಜೆಯೇ ಇಲ್ಲದ ಸಾಲನ್ನು ಅಕಿಲಿಸ್ ಮುಗಿಸಿದ್ದು ಹೇಗೆ? ಇಲ್ಲಿ ಅರಿಸ್ಟಾಟಲ್ ಉತ್ತರ ನನಗೆ ತುಂಬಾ ಇಷ್ಟ. ದಾರಿಯನ್ನು ಎಷ್ಟು ಬೇಕಾದರೂ ತುಂಡು ಮಾಡಬಹುದು, ಹಾಗಂತ ಅದು ಆಗಲೇ ಅನಂತ ತುಂಡಾಗಿ ಬಿದ್ದಿಲ್ಲ. ಅಕಿಲಿಸ್ ಓಡುವುದು ಒಂದೇ ಓಟ. ತುಂಡು ಮಾಡುತ್ತಿರುವುದು ನಮ್ಮ ಯೋಚನೆ.

ನಾಲ್ಕರಲ್ಲಿ ನನ್ನನ್ನು ತುಂಬಾ ಕಾಡುವುದು ಬಾಣದ ವಾದ. ಹಾರುವ ಬಾಣವನ್ನು ಒಂದೇ ಒಂದು ಕ್ಷಣದಲ್ಲಿ ನೋಡಿ. ಅದು ತನ್ನ ಉದ್ದದಷ್ಟೇ ಜಾಗದಲ್ಲಿದೆ, ಅಂದರೆ ನಿಂತಿದೆ. ಪ್ರತಿ ಕ್ಷಣವೂ ಹೀಗೇ. ಹಾಗಾದರೆ ಅದು ಹಾರಿದ್ದು ಯಾವಾಗ? ಇಲ್ಲಿ ಉದ್ದ ಕೂಡಿಸುವ ಲೆಕ್ಕ ಸಹಾಯಕ್ಕೆ ಬರುವುದಿಲ್ಲ. ಎದ್ದು ನಡೆದು ತೋರಿಸಿದರೂ ಆಗಲ್ಲ, ಯಾಕೆಂದರೆ ಬಾಣ ಗುರಿ ಮುಟ್ಟುತ್ತದೆ ಅಂತ ಜೀನೋಗೂ ಗೊತ್ತಿತ್ತು ಅಲ್ವಾ?

ಬಾಣದ ಫೋಟೋ ತೆಗೆದರೆ ಅದು ಹಾರುತ್ತಿದೆಯೋ ನಿಂತಿದೆಯೋ ಚಿತ್ರದಿಂದ ತಿಳಿಯುವುದಿಲ್ಲ. ಹಿಂದಿನ, ಮುಂದಿನ ಚಿತ್ರಗಳೂ ಬೇಕು. ಒಂದು ಕ್ಷಣದ ವೇಗವನ್ನು ಕಲನಶಾಸ್ತ್ರ (ಕ್ಯಾಲ್ಕುಲಸ್) ಹೇಳುವುದೂ ಹೀಗೆಯೇ, ಅಕ್ಕಪಕ್ಕದ ಸಮಯವನ್ನು ಸೇರಿಸಿಕೊಂಡು. ಹಾಗಾಗಿ ಜೀನೋ ಎಡವಿದ್ದು 'ನಿಂತಿದೆ' ಅನ್ನುವಲ್ಲಿ. ನಿಲ್ಲುವುದಕ್ಕೂ ಸಮಯ ಬೇಕು. ಒಂದು ಕ್ಷಣದೊಳಗೆ ಬಾಣ ಚಲಿಸುವುದೂ ಇಲ್ಲ, ನಿಂತಿರುವುದೂ ಇಲ್ಲ.