ಆಯಿಯ ಹೆಸರು

ಕೇಳುಗರೇ, ನಮಸ್ಕಾರ.

ನನ್ನ ಮುತ್ತಜ್ಜಿಯ ಹೆಸರೇನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಬತ್ತೈದು ದಾಟಿದ ಸೋದರತ್ತೆಯನ್ನು ಕೇಳಿದೆ. "ಎಲ್ಲಾರೂ ಆಯಿ ಅಂತಿದ್ವಿ. ಹೆಸರು ಹಿಡದು ಯಾರು ಕರೀತಿದ್ರು?" ಅಂದರು.

ಧಾರವಾಡ ಸೀಮೆಯ ನಮ್ಮ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಮನೆತನದ ಬೆಡಗು ಅಂದರೆ ಕುಲದ ಕವಲು, ಮೂಲ ಊರು, ಯಾರು ಯಾರ ಮಗ, ಎಲ್ಲವನ್ನೂ ಹಾಡಿನ ಧಾಟಿಯಲ್ಲಿ ಹೇಳಿ ಕಾಳು, ಬಟ್ಟೆ ಪಡೆದು ಹೋಗುತ್ತಾರೆ. ನಮ್ಮ ಮನೆಯ ಏಳು ತಲೆಮಾರು ಅವರ ಹೊತ್ತಿಗೆಯಲ್ಲಿದೆ. ಆದರೆ ಎಲ್ಲ ಗಂಡಸರೇ. ಆಯಿ ಇರಲಿಲ್ಲ.

ದಾರಿ ತೋರಿಸಿದ್ದು ಅತ್ತೆಯ ಇನ್ನೊಂದು ಮಾತು. "ಕಾಳಯುಕ್ತಿ ಸಂವತ್ಸರದಾಗ ಬ್ಯಾನಿ ಬಂದು ನಮ್ಮಜ್ಜ ಹೋದ. ಅಪ್ಪ ಆಗ ಐದು ವರ್ಷದ ಹುಡುಗ." ಅವರ ಅಪ್ಪ ಅಂದರೆ ನನ್ನ ಅಜ್ಜ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ, ಅಲ್ವಾ? 1978 ಕಾಳಯುಕ್ತಿ. ಅದರ ಹಿಂದಿನದು 1918. ಆ ವರ್ಷ ಮುಂಬೈ ಬಂದರಿನಿಂದ ಹಬ್ಬಿದ ಇನ್‌ಫ್ಲುಯೆಂಜಾ ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನರನ್ನು ಬಲಿ ತೆಗೆದುಕೊಂಡಿತ್ತು. ನಿಮ್ಮ ಹಿರಿಯರು ಧಾತು-ಈಶ್ವರದ ಬರ ಅಂದರೆ ಅದು 1876ರಿಂದ 78. ಇಂಥ ಮಾತನ್ನು ಸುಮ್ನೆ ಬಿಡಬೇಡಿ, ಬರೆದಿಟ್ಟುಕೊಳ್ಳಿ.

ವರ್ಷ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಯಜಮಾನ ಸತ್ತ ಮೇಲೆ ಹೊಲ ವಾರಸುದಾರರ ಹೆಸರಿಗೆ ಆಗಲೇಬೇಕು. ಕಂಪ್ಯೂಟರ್ ಪಹಣಿಯಲ್ಲಿ ಅಷ್ಟು ಹಳೆಯದು ಸಿಗುವುದಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ಸರ್ವೆ ನಂಬರ್ ಕೊಟ್ಟು, ಕೈಬರಹದ ದಾಖಲೆಯ ನಕಲು ಕೇಳಿದೆ. ಬಂದ ಹಾಳೆಯಲ್ಲಿ ಅಜ್ಜನ ಹೆಸರಿತ್ತು. ಮುಂದೆ 'ಅಜ್ಞಾನ' ಅಂತ ಬರೆದಿತ್ತು. ವಯಸ್ಸಿಗೆ ಬಾರದ ಮಕ್ಕಳನ್ನು ಆ ಕಾಲದ ಕಾಗದಪತ್ರದಲ್ಲಿ ಹಾಗೆ ಬರೆಯುತ್ತಿದ್ದರು. ಅದರ ಕೆಳಗೆ 'ಅ.ಪಾ.ಕ. ತಾಯಿ', ಅಂದರೆ ಆ ಮಗುವಿನ ಪಾಲಕಿ. ಪಕ್ಕದಲ್ಲೇ ಆಯಿಯ ಹೆಸರು. ಶಾಯಿ ಹರಡಿ ಕೊನೆಯ ಅಕ್ಷರ ಮಸುಕಾಗಿತ್ತು. ಬೆಳಕಿಗೆ ಹಿಡಿದು ಓದಿದೆ. ಕೈ ನಡುಗುತ್ತಿತ್ತು.

ಮಗನಿದ್ದರೆ ಹೊಲ ಮಗನಿಗೇ ಹೋಗುತ್ತಿದ್ದ ಕಾಲ ಅದು. ಹುಡುಗ ದೊಡ್ಡವನಾಗುವ ತನಕ ಅಷ್ಟೇ ಆಯಿಗೆ ಆ ಹಾಳೆಯಲ್ಲಿ ಜಾಗ. ಮುಂದಿನ ಹಾಳೆಗಳಲ್ಲಿ ಅವಳಿಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಹೋದ ಸುಗ್ಗಿಗೆ ಹೆಳವರು ಬಂದಾಗ ಆ ನಕಲನ್ನು ಮುಂದಿಟ್ಟು ಕೇಳಿಕೊಂಡೆ. ಹೊತ್ತಿಗೆಯಲ್ಲಿ ಮುತ್ತಜ್ಜನ ಹೆಸರಿನ ಪಕ್ಕ ಸ್ವಲ್ಪ ಜಾಗ ಇತ್ತು. ಅಲ್ಲಿ ಆಯಿಯ ಹೆಸರು ಬರೆದರು. ಬರೆದದ್ದನ್ನು ಜೋರಾಗಿ ಓದಿ ಹೇಳಿದರು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಮೊರದ ತುಂಬ ಜೋಳ ತಂದು ನೀಡಿದರು.